ಬಿಡೋಕೂ ಶಕ್ತಿ ಬೇಕು

ದ್ರಾಕ್ಷಿ ಚಪ್ಪರದಡಿ ಸ್ಟೂಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದ ನಂದಿಯ ಜಗನ್‌ಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಎರಡು ತೊಂದರೆ ಉಳಿದವು. ಒಂದು, ಬಲಗೈ ಬಡವಾಗಿತ್ತು. ಇನ್ನೊಂದು, ಚಿಕ್ಕಬಳ್ಳಾಪುರದ ಫಿಸಿಯೋಥೆರಪಿಸ್ಟ್ ತನುಜ.

ಮೊದಲ ದಿನವೇ ಅವಳು ತನ್ನ ಎರಡೂ ಕೈಬೆರಳುಗಳನ್ನು ಒಂದರ ಸಂದಿಗೊಂದು ತೂರಿಸಿ ಪಾಠ ಹೇಳಿದ್ದಳು.

"ಸ್ನಾಯುವಿನೊಳಗೆ ಎಳೆಗಳು ಹಿಂಗೇ ಒಂದರೊಳಗೊಂದು ಜಾರ್ತವೆ. ಆಗ ಸ್ನಾಯು ಗಿಡ್ಡ ಆಗಿ ಮೂಳೇನ ಎಳೆಯತ್ತೆ. ತಳ್ಳೋದು ಅದಕ್ಕೆ ಗೊತ್ತೇ ಇಲ್ಲ. ಮುಂದಿನದು ಎಳೆದ್ರೆ ಕೈ ಮಡಚತ್ತೆ, ಹಿಂದಿನದು ಎಳೆದ್ರೆ ನೆಟ್ಟಗಾಗತ್ತೆ. ಒಂದು ಎಳೀವಾಗ ಇನ್ನೊಂದು ಬಿಟ್ಟುಕೊಡ್ಬೇಕು. ಹಿಡಿಯೋಕಷ್ಟೇ ಅಲ್ಲ, ಬಿಡೋಕೂ ಶಕ್ತಿ ಬೇಕು."

ಜಗನ್ ಆ ಬೆರಳುಗಳನ್ನೇ ನೋಡುತ್ತ ಮತ್ತೊಮ್ಮೆ ಬಿದ್ದ. ಈ ಸಲ ಸ್ಟೂಲೂ ಇರಲಿಲ್ಲ.

ಕೈ ಬೇಗ ಗುಣವಾಯಿತು. ಆದರೆ ಗುಣವಾದರೆ ಬರಲು ನೆಪವೆಲ್ಲಿ? ಮನೆಯಲ್ಲಿ ತುಂಬಿದ ಬಿಂದಿಗೆ ಎತ್ತುವ ಕೈ, ಕ್ಲಿನಿಕ್ಕಿನಲ್ಲಿ ಪುಟ್ಟ ಡಂಬೆಲ್ಲಿಗೂ ನಡುಗತೊಡಗಿತು.

"ಏಮಪ್ಪಾ, ನನ್ ಮಂಡೀನೇ ವಾಸಿ," ಎಂದರು ಪಕ್ಕದ ಮಂಚದ ಗಂಗುಲಮ್ಮ. "ನಿಂಗೆ ನೋವು ಕೈಯಲ್ಲೋ ಕಣ್ಣಲ್ಲೋ? ಆಯಮ್ಮನ ಮೇಲಿಂದ ಕೀಳೋಕೇ ಆಗ್ತಿಲ್ವಲ್ಲ!"

ಒಂದು ಸಂಜೆ ತನುಜಳ ಮುಖ ಬಾಡಿತ್ತು.

"ನನ್ ಕೈಲಿ ಆಗ್ತಿಲ್ಲ ಜಗನ್. ಚಿಂತಾಮಣೀಲಿ ಮುರಳಿಮೋಹನ್ ಅಂತ ಇನ್ನೊಬ್ರು ಫಿಸಿಯೋ ಇದ್ದಾರೆ. ನಾಳೆಯಿಂದ ಅವ್ರ ಹತ್ರ ಹೋಗಿ."

ಜಗನ್ ಡಂಬೆಲ್ಲಿನತ್ತ ನೋಡಿದ. ಎತ್ತಿದರೂ ಕೆಟ್ಟ, ಎತ್ತದಿದ್ದರೂ ಕೆಟ್ಟ.

"ಕೊನೇ ಸಲ ಎತ್ತಿ, ನೋಡೋಣ."

ಅವಳು ಅವನ ತೋಳಿನ ಹಿಂಬದಿಗೆ ಬೆರಳಿಟ್ಟಳು. ಅವನು ಮುಖ ಕಿವುಚಿ ನಡುಗಿದ. ಡಂಬೆಲ್ ಏರಲಿಲ್ಲ. ಅವಳ ಹುಬ್ಬು ಏರಿತು.

"ಕೈ ಮಡಚ್ತಾ ಇದ್ರೆ ಈ ಹಿಂದಿನ ಸ್ನಾಯು ಮೆತ್ತಗಿರ್ಬೇಕು. ನಿಮ್ದ್ಯಾಕೆ ಕಲ್ಲಾಗಿದೆ? ನೀವೇ ಹಿಂದಕ್ಕೆ ಎಳೀತಿದ್ದೀರ!"

ಜಗನ್ ಡಂಬೆಲ್ ಕೆಳಗಿಟ್ಟ.

"ನಂಗೆ ಕೆಲ್ಸಾನೇ ಬರಲ್ಲ ಅಂತ ಅಳ್ತಾ ಕೂತಿದ್ದೆ ಕಣ್ರೀ!" ಅವಳ ದನಿ ಒಡೆಯಿತು.

"ತಪ್ಪಾಯ್ತು ಮೇಡಂ. ಕೈ ಸರಿಹೋದ್ರೆ ನಿಮ್ಮನ್ನ ನೋಡೋದು ಹೆಂಗೆ ಅಂತ..." ಅವನು ಡಂಬೆಲ್ಲನ್ನು ಸಲೀಸಾಗಿ ಎತ್ತಿ ತೋರಿಸಿದ. "ನೋಡಿ, ಇದು ನಿಮ್ ಕೆಲ್ಸ."

ಅವಳು ಕಣ್ಣೊರೆಸಿಕೊಂಡಳು. ನಗುವನ್ನು ತಡೆಯಲಾಗಲಿಲ್ಲ.

"ಭಾನುವಾರ ದ್ರಾಕ್ಷಿ ತೋಟ ತೋರಿಸ್ತೀನಿ ಬನ್ನಿ ಅನ್ನೋಕೆ ಯಾವ ಸ್ನಾಯು ಬೇಕಿತ್ತು?"

"ನಾಲಿಗೆ," ಎಂದರು ಪಕ್ಕದ ಮಂಚದಿಂದ ಗಂಗುಲಮ್ಮ. "ಅದೂ ಸ್ನಾಯುನೇ ಅಲ್ವೇನಮ್ಮಾ?"

ಜಗನ್ ಕೈ ಚಾಚಿದ. "ಬರ್ತೀರಾ?"

ಅವಳ ಬೆರಳುಗಳು ಅವನ ಬೆರಳ ಸಂದಿಗೆ ಜಾರಿದವು, ಪಾಠದಲ್ಲಿದ್ದಂತೆಯೇ.

"ಸರಿ, ಕೈ ಬಿಡಿ. ಹೊರಗೆ ಪೇಶೆಂಟ್ ಕಾಯ್ತಿದ್ದಾರೆ."

"ಬಿಡೋಕೂ ಶಕ್ತಿ ಬೇಕು ಅಂದಿದ್ರಿ. ನನ್ ಹತ್ರ ಅದಿಲ್ಲ."

ತನುಜ ಕೈ ಎಳೆದುಕೊಳ್ಳಬಹುದಿತ್ತು. ಅವಳ ತೋಳು ಮೆತ್ತಗೇ ಇತ್ತು.