ಎಡಗೈ ಹೊಲಿಗೆಯ ಕೌದಿ

ಹಾವಾಡಿಗ ಬುಟ್ಟಿ ಹಿಡಿದಂತೆ, ಚೀಲವನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ಅವನು ಒಳಗೆ ಬಂದ.

"ಕಚ್ಚತ್ತಾ?" ಎಂದು ಕೇಳಿದಳು ಅವಳು.

"ನನ್ನನ್ನ ಕಚ್ಚಲ್ಲ. ಅದೇ ತೊಂದರೆ."

ಅವಳು ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಹಳೆಯ ಬಟ್ಟೆಗಳನ್ನು ಪರೀಕ್ಷಿಸುವವಳು. ಬೀದಿಯವರ ಬಾಯಲ್ಲಿ 'ಬಟ್ಟೆ ಡಾಕ್ಟ್ರು'. ಅವನು ಎದುರು ಸಾಲಿನ ಗಡಿಯಾರ ರಿಪೇರಿಯವನು. ಚೀಲದಲ್ಲಿದ್ದದ್ದು ತೇಪೆಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಹೊದಿಕೆ, ಕೌದಿ. ಒಂದು ಮೂಲೆಯಲ್ಲಿ ಅಂಗೈಯಗಲದ ಜಾಗಕ್ಕೆ ತೇಪೆಯೇ ಇರಲಿಲ್ಲ. ಅಲ್ಲಿ ತುಕ್ಕು ಹಿಡಿದ ಸೂಜಿಯೊಂದನ್ನು ಚುಚ್ಚಿಟ್ಟಿದ್ದರು.

"ಇದರ ವಯಸ್ಸು ಹೇಳಿ, ಸಾಕು."

ಅವಳು ನಡುವಿನ ತೇಪೆಗೆ ಮಸೂರ ಹಿಡಿದು ನೋಡಿದಳು. ಬೇರಿನಿಂದ ತೆಗೆದ ಕೆಂಪು ಬಣ್ಣ, ಮರದ ಅಚ್ಚಿನ ಹೂವು, ಕೈಮಗ್ಗದ ಒರಟು ನೇಯ್ಗೆ. "ನೂರು ವರ್ಷಕ್ಕೆ ಮೋಸವಿಲ್ಲ!" ಎಂದಳು. ಹಳೆಯದೆಂದರೆ ಜನ ಹಿಗ್ಗುತ್ತಾರೆ. ಇವನ ಮುಖ ಮಾತ್ರ ಸುಣ್ಣ ಬಳಿದಂತಾಯಿತು.

"ಹಾಗಾದ್ರೆ ಪಕ್ಕದ ಮನೆಯಾಕೆ ಹೇಳಿದ್ದು ನಿಜ. ನಮ್ಮನೆಗೆ ಬಂದ ಸೊಸೆಯರೆಲ್ಲ ಇದಕ್ಕೊಂದು ತೇಪೆ ಹೊಲೀತಾರಂತೆ. ಹೊಲಿದವರು ಹೆಚ್ಚು ದಿನ ಇರಲ್ಲವಂತೆ. ಮುತ್ತಜ್ಜಿ, ಅಜ್ಜಿ, ನಮ್ಮಮ್ಮ, ಎಲ್ಲರೂ ಎಳೇ ವಯಸ್ಸಲ್ಲೇ ಹೋದರು." ಅವನು ಖಾಲಿ ಮೂಲೆ ತೋರಿಸಿದ. "ಮುಂದಿನವಳಿಗೆ ಇದು. ಅದಕ್ಕೇ ನಾನು ಮದುವೆ ಸುದ್ದಿಗೇ ಹೋಗಿಲ್ಲ."

"ವಿಜ್ಞಾನ ಓದಿದವಳ ಹತ್ರ ಈ ಕಥೆ ಹೇಳ್ತೀರಲ್ಲ!"

"ಗಡಿಯಾರ ಬಿಚ್ಚಿ ನೋಡೋನು ನಾನು. ನನಗೂ ದೆವ್ವ ಭೂತದಲ್ಲಿ ನಂಬಿಕೆ ಇಲ್ಲ. ಆದ್ರೆ ಸತ್ತೋರು ಸತ್ತಿದ್ದು ಸುಳ್ಳಲ್ಲವಲ್ಲ."

ವರದಿ ಬರೆದು ಕೊಡುತ್ತೇನೆಂದು ಕೌದಿಯನ್ನು ಇಟ್ಟುಕೊಂಡು, ಅದನ್ನು ಅವಳು ಬೇಕೆಂದೇ ತಡಮಾಡಿದಳು. ಅವನು ಪ್ರತಿ ಸಂಜೆ ಬಂದು ಹೊಸ್ತಿಲಾಚೆಯೇ ನಿಲ್ಲುತ್ತಿದ್ದ.

"ಊರ ಗಡಿಯಾರ ಸರಿ ಮಾಡೋರು, ನೀವೇ ಲೇಟಾ?"

"ನನ್ನ ದಾರಿ ಕಾಯ್ತಿದ್ರಾ?"

"ನಾನ್ಯಾಕೆ ಕಾಯಲಿ? ಕೌದಿ ಕಾಯ್ತಿತ್ತು."

ನಗು ತಡೆದುಕೊಳ್ಳುವಾಗ ಅವನ ಕೆಳತುಟಿಯ ಒಂದು ತುದಿ ಮಾತ್ರ ಸೋಲುತ್ತಿತ್ತು. ಆ ಸೋಲಿಗಾಗಿಯೇ ಅವಳು ಮಾತು ಹುಡುಕುತ್ತಿದ್ದಳು. ಕಣ್ಣು ಕೂಡಿದೊಡನೆ ಅವನು ಕೌದಿಯತ್ತ ನೋಡಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಕೌದಿ ನಿಜಕ್ಕೂ ಕಾಯುತ್ತಿತ್ತೇನೋ. ಮಡಿಸಿ, ಕಪಾಟಿಗೆ ಬೀಗ ಹಾಕಿ ಹೋದರೆ, ಬೆಳಿಗ್ಗೆ ಅದರ ಒಂದು ಬದಿ ಸರಿದಿರುತ್ತಿತ್ತು. ಯಾರೋ ಆಗಷ್ಟೇ ಎದ್ದು ಹೋದ ಹಾಗೆ. ಕೆಳಗೆ ಕೈಯಿಟ್ಟರೆ ಬೆಚ್ಚಗೆ. ಅವಳು ಕೋಣೆಯ ತಾಪಮಾನ ನೋಡಿದಳು, ಹಿಂದಿನ ಗೋಡೆ ಮುಟ್ಟಿದಳು. ಗೋಡೆ ಮಂಜಿನಂತೆ ತಣ್ಣಗಿತ್ತು. ಕಾರಣ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಬೇಕು ಎಂದು ಕಲಿತವಳು ಅವಳು. ಆದರೆ ಇದನ್ನು ಬರೆಯಲು ಕೈ ಏಳಲಿಲ್ಲ.

ತನ್ನ ತಪ್ಪು ಅವಳಿಗೆ ಹೊಳೆದದ್ದು ಕೋಟಿನ ಗುಂಡಿ ಹೊಲಿಯುವಾಗ. ಕೋಟು ಹಳೆಯದು, ದಾರ ಹೊಸದು. ಬಟ್ಟೆಯ ವಯಸ್ಸನ್ನೇ ಅವಳು ಕೌದಿಯ ವಯಸ್ಸೆಂದುಬಿಟ್ಟಿದ್ದಳು. ದಾರವನ್ನು ನೋಡಿಯೇ ಇರಲಿಲ್ಲ!

ಆ ಸಂಜೆ ಅವನನ್ನು ಒಳಗೆ ಕರೆದು ದೀಪ ಆರಿಸಿದಳು.

"ಏನ್ರೀ ಇದು?"

"ಹೆದರಬೇಡಿ, ನಾನೂ ಕಚ್ಚಲ್ಲ," ಎಂದು ದಾರ ಪರೀಕ್ಷಿಸುವ ನೇರಳೆ ದೀಪ ಹೊತ್ತಿಸಿದಳು.

ತೇಪೆಗಳೆಲ್ಲ ಕತ್ತಲಲ್ಲಿ ಕರಗಿದವು. ಹೊಲಿಗೆಗಳು ಮಾತ್ರ ತಣ್ಣನೆಯ ನೀಲಿಯಲ್ಲಿ ಹೊಳೆದವು. ಕಾಣದವರೊಬ್ಬರು ಹೆಜ್ಜೆಯಿಡುತ್ತ ಆ ಖಾಲಿ ಮೂಲೆಯವರೆಗೂ ನಡೆದು ನಿಂತ ಹಾಗಿತ್ತು. ನೋಡಲು ಅವನು ಅವಳ ಪಕ್ಕಕ್ಕೇ ಬಗ್ಗಿದ.

"ಹಳೇ ನೂಲು ಹೀಗೆ ಹೊಳೆಯಲ್ಲ. ಇದು ಪಾಲಿಯೆಸ್ಟರ್. ನಿಮ್ಮ ಮುತ್ತಜ್ಜಿಯ ಕಾಲದಲ್ಲಿ ಹುಟ್ಟೇ ಇರಲಿಲ್ಲ. ಎಲ್ಲಾ ಕಡೆ ಒಂದೇ ದಾರ, ಒಂದೇ ಕೈ. ಹೊಲಿಗೆ ಎಡಕ್ಕೆ ವಾಲಿರೋದು ನೋಡಿ, ಎಡಗೈಯವರದ್ದು. ಸೊಸೆಯರು ಇದನ್ನ ಹೊಲಿದು ಸತ್ತಿದ್ದಲ್ಲ. ಅವರೆಲ್ಲ ಹೋದ ಮೇಲೆ ಯಾರೋ ಅವರ ಬಟ್ಟೆಗಳನ್ನ ಕೂಡಿಸಿ ಹೊಲಿದಿದ್ದಾರೆ."

ಅವನು ಆ ವಾಲಿದ ಹೊಲಿಗೆಗಳ ಮೇಲೆ ಬೆರಳಾಡಿಸಿದ.

"ಅತ್ತೆ," ಎಂದ ಕೊನೆಗೆ. ಅವನಪ್ಪನ ತಂಗಿ, ತಾಯಿ ಸತ್ತ ಮೇಲೆ ಅವನನ್ನು ಸಾಕಿ, ಹೋದ ವರ್ಷ ತೀರಿಕೊಂಡವಳು. "ಅತ್ತೆ ಎಡಚಿ. ಮಲಗುವಾಗ ತಂದು ಹೊದಿಸೋಳು, 'ಹೊದ್ಕೊ, ಚಳಿ' ಅಂತ. ನಾನು ಕಾಲಲ್ಲಿ ಒದ್ದುಬಿಡ್ತಿದ್ದೆ. ಯಾರು ಹೊಲಿದಿದ್ದು ಅಂತ ಒಂದಿನಾನೂ ಕೇಳಲಿಲ್ಲ."

"ಸೊಸೆಯರ ಕೌದಿ ಅಂದ್ಮೇಲೆ ಮನೆಮಗಳನ್ನ ಯಾರು ಕೇಳ್ತಾರೆ?"

"ಮತ್ತೆ ಈ ಖಾಲಿ ಜಾಗ?"

ಉತ್ತರ ಅವಳಿಗೆ ಗೊತ್ತಿತ್ತು. ಅತ್ತೆ ಅದನ್ನು ಉಳಿಸಿದ್ದು ಇವನ ಕೈ ಹಿಡಿಯುವವಳಿಗೆ. ಹಳೆಯದಕ್ಕೆ ಹೊಸ ಹೊಲಿಗೆ ಹಾಕುವುದು ಅವಳ ಕಸುಬಿನಲ್ಲಿ ಮಹಾಪಾಪ. ಆದರೂ ಕೋಣೆಯ ದೀಪ ಹಾಕಿ, ಕತ್ತರಿ ತೆಗೆದು ತನ್ನ ಸ್ಕಾರ್ಫಿನ ಅಂಚು ಕತ್ತರಿಸಿದಳು.

"ಬೇಡ!" ಅವನು ಅವಳ ಮಣಿಕಟ್ಟು ಹಿಡಿದ. ಅವಳನ್ನು ಮುಟ್ಟಿದ್ದು ಅದೇ ಮೊದಲು. "ನಿಮಗೇನಾದ್ರೂ ಆದ್ರೆ ನಾನು..."

"ನೀವು?"

"ನಾನು ಇನ್ಯಾವ ಗಡಿಯಾರಕ್ಕೂ ಕೀ ಕೊಡಲ್ಲ."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ಸತ್ತವರ ತೇಪೆ ಸಾಕು, ಬದುಕಿರೋರದ್ದೂ ಒಂದಿರಲಿ. ನಿಮ್ಮದೂ ಕೊಡಿ."

ಅವನು ಜೇಬಿನಿಂದ ಗಾಜು ಒರೆಸುವ ಹಳದಿ ಬಟ್ಟೆ ತೆಗೆದುಕೊಟ್ಟ. ಅವಳು ಆ ಹಳೆಯ ಸೂಜಿಯಿಂದಲೇ ಎರಡನ್ನೂ ಜೋಡಿಸಿ ಹೊಲಿದಳು. ಕೊನೆಯ ಸಾಲಿಗೆ ದಾರ ಸಾಲಲಿಲ್ಲ. ತರಲು ಪಕ್ಕದ ಕೋಣೆಗೆ ಹೋದಳು. ಅವನೂ ಹಿಂದೆಯೇ ಬಂದ.

ಮರಳಿ ಬಂದಾಗ ಕೊನೆಯ ಸಾಲು ಮುಗಿದಿತ್ತು.

ಅವಳ ಹೊಲಿಗೆಗಳು ಬಲಕ್ಕೆ ವಾಲಿದ್ದವು. ಆ ಒಂದು ಸಾಲು ಎಡಕ್ಕೆ. ಸೂಜಿಯಲ್ಲಿ ತುಕ್ಕಿರಲಿಲ್ಲ, ಮುಟ್ಟಿದರೆ ಬೆರಳಿನ ಬಿಸಿ.

ಇಬ್ಬರೂ ಓಡಲಿಲ್ಲ. ಅವನು ಕೌದಿಯನ್ನೆತ್ತಿ ಒಂದಂಚನ್ನು ತನ್ನ ಹೆಗಲಿಗೆಳೆದುಕೊಂಡ, ಇನ್ನೊಂದನ್ನು ಅವಳ ಹೆಗಲಿಗೆ ಹೊದಿಸಿದ.

"ಹೊದ್ಕೊ," ಎಂದ, "ಚಳಿ."

ಅವಳಿಗೆ ಚಳಿಯೇನೂ ಇರಲಿಲ್ಲ. ಆದರೂ ಹೊದ್ದುಕೊಂಡಳು.