ತೂತು ಬಿದ್ದ ನಾಣ್ಯ

ಅಕ್ಕನ ಕುತ್ತಿಗೆಯ ಮೇಲೆ ಚಾಕು ಇತ್ತು. ಮಟಮಟ ಮಧ್ಯಾಹ್ನ.

ಹಿಡಿದವನು ಡೀಲರ್. ಹಳೇ ನಾಣ್ಯಗಳ ವ್ಯಾಪಾರಿ. ಇಸ್ತ್ರಿ ಮಾಡಿದ ಶರ್ಟು.

ಅವನನ್ನು ಅಕ್ಕನ ಮನೆಗೆ ಕರೆತಂದವನು ನಾನೇ, ಸಾರ್... ನೀವು ಹೇಗೂ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ.

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಎರಡು ಸಾವಿರ ವರ್ಷದ ಚಿನ್ನದ ನಾಣ್ಯವೊಂದನ್ನು ಹುಡುಕು ಎಂದು ಅವನು ಫೋಟೋ ಕೊಟ್ಟಿದ್ದ. ನೋಡಿದೊಡನೆ ಗುರುತು ಸಿಕ್ಕಿತು. ಅದೇ ಸೊಟ್ಟ ಮೂಗಿನ ರಾಜ. ಅಕ್ಕನ ಸರದ ಪದಕ!

ಸಿಗಲಿಲ್ಲ ಎಂದೆ. ಅವನು ನಂಬಲಿಲ್ಲ. ನನ್ನ ಬೆನ್ನು ಹತ್ತಿ ಅಕ್ಕನ ಮನೆಗೇ ಬಂದ.

"ಸರ ಬಿಚ್ಚಮ್ಮ," ಎಂದ. "ನಿಧಾನಕ್ಕೆ. ಗೀರು ಬಿದ್ರೆ ನೋಡು."

ಅಕ್ಕ ಬಿಚ್ಚಿ ನನ್ನ ಕೈಗಿಟ್ಟಳು. ಅಕ್ಕಸಾಲಿಗ ಭಾವ ಮದುವೆಗೆಂದು ಮಾಡಿದ ಸರ ಅದು. ಸುತ್ತ ಚಿನ್ನದ ಕಟ್ಟು, ಮೇಲೊಂದು ಕೆಂಪು ಹರಳು. ನಾಣ್ಯಕ್ಕೆ ಮಾತ್ರ ಬೆಸುಗೆಯಿಲ್ಲ, ತೂತಿಲ್ಲ. ತೂತು ಬಿದ್ದರೆ ಇಂಥ ಡೀಲರ್‌ಗಳು ಮೂಸಿಯೂ ನೋಡುವುದಿಲ್ಲ.

ಭಾವ ತೀರಿಹೋಗಿ ಮೂರು ವರ್ಷ. ಅವರ ಹತ್ಯಾರಗಳು ಮೇಜಿನ ಮೇಲೆ ಇಟ್ಟಲ್ಲೇ ಇದ್ದವು.

"ಕಟ್ಟು ಬಿಡಿಸು. ನಾಣ್ಯ ಮಾತ್ರ ಸಾಕು."

"ಕೊಟ್ರೆ ಅಕ್ಕನ್ನ ಬಿಡ್ತೀಯಾ?"

"ಇಬ್ರೂ ನನ್ನ ಮುಖ ನೋಡಿದೀರಲ್ಲ..." ಎಂದು ನಕ್ಕ.

ಕೊಟ್ಟರೂ ಸಾವು, ಕೊಡದಿದ್ದರೂ ಸಾವು.

ಕುರ್ಚಿ ಎಳೆದು ಕೂತೆ. ಕಟ್ಟು ಬಿಡಿಸಿದೆ. ಆಮೇಲೆ ಭಾವನ ಡ್ರಿಲ್ ಎತ್ತಿಕೊಂಡು ರಾಜನ ಕೆನ್ನೆಗೆ ಒತ್ತಿದೆ.

"ಏಯ್... ಬೇಡ ಕಣೋ!"

ಚಾಕು, ಅಕ್ಕ, ಎಲ್ಲಾ ಬಿಟ್ಟು ನಾಣ್ಯದ ಮೇಲೆ ಬಿದ್ದ. ನನಗೆ ಬೇಕಾಗಿದ್ದದ್ದೂ ಅದೇ. ಎಡಗೈಗೆ ಸುತ್ತಿಗೆ ಸಿಕ್ಕಿತು. ಒಂದೇ ಏಟು. ಉಳಿದದ್ದನ್ನು ಪೊಲೀಸರು ನೋಡಿಕೊಂಡರು.

ಅಕ್ಕ ನಾಣ್ಯ ಎತ್ತಿ ಬೆಳಕಿಗೆ ಹಿಡಿದಳು. ತೂತಿನಾಚೆ ಕಿಟಕಿ ಕಾಣುತ್ತಿತ್ತು.

"ಅವರು ಇದಕ್ಕೆ ಸೂಜಿ ಮೊನೆನೂ ತಾಗಿಸಿರ್ಲಿಲ್ಲ ಕಣೋ," ಎಂದಳು. ಅಷ್ಟೇ. ಅದೇ ನನ್ನೊಡನೆ ಆಡಿದ ಕೊನೇ ಮಾತು.

ಮೊನ್ನೆ ಡೀಲರ್ ಜೈಲಿನಿಂದ ಹೊರಬಂದ. ಸುದ್ದಿ ತಿಳಿದು ಅಕ್ಕನ ಹಿಂದೆಯೇ, ಅವಳಿಗೆ ಕಾಣದಂತೆ ನಡೆಯುತ್ತಿದ್ದೆ. ಮಾರ್ಕೆಟ್ ತಿರುವಿನಲ್ಲಿ ಅವನು ಎದುರೇ ಬಂದ. ಅವಳ ಕೊರಳ ನಾಣ್ಯ ನೋಡಿದ, ತೂತು ನೋಡಿದ, ಮುಖ ತಿರುಗಿಸಿಕೊಂಡು ಹೋದ.

ನನ್ನನ್ನು ಕಂಡರೆ ಅಕ್ಕನೂ ಹಾಗೇ ಹೋಗುತ್ತಾಳೆ.