ಜಿಂಕೆಯ ಅಟ್ಟಣೆಗೆ ಸದ್ದಿಲ್ಲದ ದಾರಿ

ಏಪ್ರಿಲ್ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅಡಿಲೇಡ್ ಬೆಟ್ಟಸಾಲಿನ ಪೊಲೀಸ್ ಠಾಣೆಗೆ ಫೋನ್ ಬಂತು. ಮಾಡಿದವನು ಡೆನಿಸ್ ಎಂಬ ಕುರಿ ಸಾಕುವ ರೈತ. ತನ್ನ ಜಮೀನಿನ ಅಂಚಿನ ಕಾಡಿನಲ್ಲಿ ಜಿಂಕೆ ಬೇಟೆಗೆಂದು ಮರಕ್ಕೆ ಬಿಗಿದಿದ್ದ ಅಟ್ಟಣೆ ಏಣಿ ಸಮೇತ ಕಳಚಿ ಬಿದ್ದಿದೆ, ಕೆಳಗೆ ಡಾಕ್ಟರ್ ಗಣಪತಿ ಬಿದ್ದಿದ್ದಾರೆ, ಉಸಿರಿದೆ, ಆಂಬ್ಯುಲೆನ್ಸ್‌ಗೆ ಹೇಳಿದ್ದೇನೆ ಎಂದ. ಆಮೇಲೆ ದನಿ ತಗ್ಗಿಸಿ, ನೀವೂ ಬಂದು ಅದನ್ನು ಕಟ್ಟಿದ್ದ ಪಟ್ಟಿ ನೋಡಬೇಕು, ಅದು ತಾನಾಗಿ ಹರಿದದ್ದಲ್ಲ ಎಂದು ಸೇರಿಸಿದ.

ಡಿಟೆಕ್ಟಿವ್ ಸಾರ್ಜೆಂಟ್ ಜಯಮಾಲಾ ಆಗಷ್ಟೇ ಕಾಫಿಗೆ ನೀರಿಟ್ಟಿದ್ದಳು. ಸ್ವಿಚ್ ಆರಿಸಿ ಜಾಕೆಟ್ ಹಾಕಿಕೊಂಡಳು. ಈ ಕೆಲಸಕ್ಕೆ ಸೇರಿದ ಮೇಲೆ ಅವಳು ಬಿಸಿ ಕಾಫಿ ಕುಡಿದದ್ದಕ್ಕಿಂತ ಆರಿದ ಕಾಫಿ ಕುಡಿದದ್ದೇ ಹೆಚ್ಚು. ಅವಳ ತಂದೆ ಮೈಸೂರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಎಫ್‌ಐಆರ್, ಪಂಚನಾಮೆ, ಮಹಜರು ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವಳಿಗೆ ಈ ದೇಶದಲ್ಲಿ ಹೆಸರುಗಳು ಬೇರೆ, ಸುಸ್ತು ಮಾತ್ರ ಅದೇ ಎಂದು ಬಹಳ ಬೇಗ ಗೊತ್ತಾಗಿತ್ತು.

ಅವಳು ಕಾನ್‌ಸ್ಟೇಬಲ್ ಬ್ರೆಟ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋಗುವಷ್ಟರಲ್ಲಿ ಗಣಪತಿಯವರನ್ನು ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಸೊಂಟದ ಮೂಳೆ ಮುರಿದಿದೆ, ಬೆನ್ನುಹುರಿಯ ಮಾತು ಈಗಲೇ ಹೇಳಲಾಗದು ಎಂದು ಸುದ್ದಿ ಬಂತು. ಬ್ರೆಟ್ ಪಂಚನಾಮೆಗೆ ಕುಳಿತವನಂತೆ ನೆಲಕ್ಕೆ ಮೊಣಕಾಲೂರಿ ಒಂದೊಂದನ್ನೂ ಫೋಟೋ ತೆಗೆದ. ಅಟ್ಟಣೆಯನ್ನು ಮರಕ್ಕೆ ಬಿಗಿದಿದ್ದ ಅಗಲವಾದ ನೈಲಾನ್ ಪಟ್ಟಿಯನ್ನು ಮರದ ಹಿಂಬದಿಯಿಂದ, ಕಣ್ಣಿಗೆ ಬೀಳದ ಕಡೆ, ಮುಕ್ಕಾಲು ಪಾಲು ಕತ್ತರಿಸಿದ್ದರು. ಉಳಿದ ಕಾಲು ಪಾಲು ಭಾರಕ್ಕೆ ಹರಿದಿತ್ತು. ಕತ್ತರಿಸಿದ ಅಂಚು ಬಹಳ ಅಚ್ಚುಕಟ್ಟಾಗಿತ್ತು.

"ಬಂದೂಕು ಎಲ್ಲಿ?" ಎಂದು ಜಯಮಾಲಾ ಕೇಳಿದಳು.

"ತರೋದೇ ಇಲ್ಲ," ಎಂದ ಡೆನಿಸ್. "ವರ್ಷದಿಂದ ತಂದಿಲ್ಲ. ಒಂದು ಫ್ಲಾಸ್ಕ್ ತರುತ್ತಾರೆ, ಮೇಲೆ ಹತ್ತಿ ಒಂದೆರಡು ತಾಸು ಸುಮ್ಮನೆ ಕೂರುತ್ತಾರೆ, ಇಳಿದು ಹೋಗುತ್ತಾರೆ. ನಾನೂ ಯಾಕೆ ಅಂತ ಕೇಳಲಿಲ್ಲ. ಹೋದ ವರ್ಷ ಇಲ್ಲಿ ಆದದ್ದು ನಿಮಗೆ ಗೊತ್ತಿರಬೇಕಲ್ಲ."

ಜಯಮಾಲಾ ಈ ಠಾಣೆಗೆ ಬರುವ ಮುಂಚಿನ ಪ್ರಕರಣ ಅದು. ಕಳೆದ ಏಪ್ರಿಲ್‌ನಲ್ಲಿ ಗಣಪತಿ ಇದೇ ಅಟ್ಟಣೆಯ ಮೇಲಿಂದ, ಬೆಳಗಿನ ಮಬ್ಬಿನಲ್ಲಿ, ಜಿಂಕೆಯೆಂದು ತಿಳಿದು ಗುಂಡು ಹಾರಿಸಿದ್ದರು. ಸತ್ತದ್ದು ಅವರ ಆಪ್ತ ಗೆಳೆಯ ರಮಾಕಾಂತ್, ಮೈಸೂರಿನ ಎಂಜಿನಿಯರ್. ವಿಚಾರಣೆ ನಡೆಯಿತು. ಆಕಸ್ಮಿಕ ಎಂದು ತೀರ್ಮಾನವಾಯಿತು. ಗಣಪತಿ ಬಂದೂಕುಗಳನ್ನೆಲ್ಲ ತಾವಾಗಿಯೇ ಪೊಲೀಸರಿಗೆ ಒಪ್ಪಿಸಿಬಿಟ್ಟಿದ್ದರು.

ಅಟ್ಟಣೆಗೆ ಎರಡು ದಾರಿಗಳಿದ್ದವು. ಒಂದು ಹಳ್ಳದ ಮಗ್ಗುಲಲ್ಲಿ ಮೆತ್ತನೆಯ ಹುಲ್ಲಿನ ಮೇಲೆ ಸುತ್ತಿ ಬರುವಂಥದ್ದು. ಇನ್ನೊಂದು ರಸ್ತೆಯ ಬೇಲಿಯಿಂದ ನೇರವಾಗಿ, ಇಲ್ಲಿನವರು ಗಮ್ ಎನ್ನುವ ನೀಲಗಿರಿ ಮರಗಳ ನಡುವೆ. ಎರಡನೆಯದರಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬ್ರೆಟ್ ನಕ್ಕುಬಿಟ್ಟ. ಬೇಸಿಗೆಯಲ್ಲಿ ಸುಲಿದು ಬಿದ್ದ ತೊಗಟೆ ಕಾಲಡಿ ಚಟಪಟ ಎನ್ನುತ್ತಿತ್ತು. ಜಿಂಕೆ ಹಾಗಿರಲಿ, ಪಕ್ಕದ ಊರಿನವರಿಗೂ ನಾವು ಬಂದದ್ದು ಗೊತ್ತಾಗುತ್ತದೆ ಎಂದ.

ಬೇಲಿಯ ಹತ್ತಿರ ಮರದ ಕವಲೊಂದರಲ್ಲಿ ಏನೋ ಸಿಕ್ಕಿಸಿತ್ತು. ಬ್ರೆಟ್ ಹಕ್ಕಿಗೂಡೆಂದ. ಜಯಮಾಲಾ ಮಾತ್ರ ಅಲ್ಲಿಯೇ ನಿಂತುಬಿಟ್ಟಳು. ಅದು ಕಡ್ಡಿಪೊರಕೆ. ತೆಂಗಿನ ಗರಿಯ ಕಡ್ಡಿಗಳದ್ದು, ಮನೆಯ ಅಂಗಳ ಗುಡಿಸುವಂಥದ್ದು. ಹಿಡಿಗೆ ಹಳೇ ಸೀರೆಯ ಅಂಚನ್ನು ಒತ್ತೊತ್ತಾಗಿ ಸುತ್ತಿ ಹೊಲಿದಿದ್ದರು. ಬಟ್ಟೆಯ ಬಣ್ಣ ಬಿಸಿಲಿಗೆ ಪೂರ್ತಿ ಹೋಗಿತ್ತು. ಕಡ್ಡಿಗಳ ನಡುವೆ ಜೇಡ ಬಲೆಯ ಮೇಲೆ ಬಲೆ ಹೆಣೆದು ಸಂಸಾರ ಹೂಡಿತ್ತು. ಇದು ಈ ವಾರ ಬಂದ ಪೊರಕೆಯಲ್ಲ. ಅವಳು ಕೈಗವಸು ಹಾಕಿಕೊಂಡು ಅದನ್ನು ಇಳಿಸಿ ಚೀಲಕ್ಕೆ ಹಾಕಿದಳು.

ಬುಧವಾರ ಆರ್ವೋದಲ್ಲಿ, ಅಂದರೆ ಮಧ್ಯಾಹ್ನದ ಮೇಲೆ, ಬೇಲಿಯ ಬಳಿ ಸಣ್ಣ ಬಿಳಿ ಕಾರು ನಿಂತಿತ್ತು, ಅಣಬೆ ಕೀಳುವವರೆಂದುಕೊಂಡೆ ಎಂದು ಡೆನಿಸ್ ಹೇಳಿದ. ಆ ರಸ್ತೆಗೆ ಇರುವುದು ಒಂದೇ ಸರ್ವೋ, ಒಂದೇ ಪೆಟ್ರೋಲ್ ಬಂಕ್. ಅಲ್ಲಿನ ಕ್ಯಾಮೆರಾದಲ್ಲಿ ಕಾರಿನ ನಂಬರು ಸ್ಪಷ್ಟವಾಗಿ ಸಿಕ್ಕಿತು. ನೋಂದಣಿ ಡಾಕ್ಟರ್ ಕಸ್ತೂರಿಯವರ ಹೆಸರಿನಲ್ಲಿತ್ತು. ಅವರು ರಮಾಕಾಂತರ ಹೆಂಡತಿ.

ಇಷ್ಟು ಸುಲಭವಾಗಿ ಬಗೆಹರಿಯುವ ಕೇಸುಗಳೆಂದರೆ ಜಯಮಾಲಾಗೆ ಆಗದು. ಅವುಗಳಲ್ಲಿ ಬೆನ್ನಟ್ಟಿ ಹಿಡಿದೆನೆಂಬ ಸಮಾಧಾನವೂ ಇರುವುದಿಲ್ಲ.

ಸೋಮವಾರ ಮಧ್ಯಾಹ್ನ ಗಣಪತಿ ಮಾತಾಡಬಲ್ಲರೆಂದು ಆಸ್ಪತ್ರೆಯಿಂದ ಹೇಳಿದರು. ಅವರು ಕೊಡಗಿನವರು, ಅರಿವಳಿಕೆಯ ಡಾಕ್ಟರು. ಇಪ್ಪತ್ತು ವರ್ಷ ಬೇರೆಯವರನ್ನು ಮಲಗಿಸಿದವರು ಈಗ ತಾವೇ ಅಲ್ಲಾಡದೆ ಮಲಗಿದ್ದರು. ಜಯಮಾಲಾಳ ಹೆಸರು ಕೇಳಿದ ಕೂಡಲೇ ಕನ್ನಡಕ್ಕೆ ತಿರುಗಿದರು.

"ನಿಮ್ಮ ಮೇಲೆ ಯಾರಿಗಾದ್ರೂ ದ್ವೇಷ ಇತ್ತಾ, ಡಾಕ್ಟ್ರೇ?"

"ನಂಗೇ ಇದೆ. ಬೇರೆಯವರದ್ದು ಗೊತ್ತಿಲ್ಲ."

"ಬಂದೂಕಿಲ್ಲದೆ ಅಲ್ಲಿಗೆ ಯಾಕೆ ಹೋಗ್ತಿದ್ರಿ?"

"ನೋಡಮ್ಮ, ಅಟ್ಟಣೆ ಕಟ್ಟೋದು ದೊಡ್ಡ ಕೆಲಸ ಅಲ್ಲ. ಅಲ್ಲಿಗೆ ಹೋಗೋ ದಾರಿ ಹುಡುಕೋದೇ ಕಷ್ಟ. ಗಾಳಿ ಜಿಂಕೆ ಕಡೆಯಿಂದ ನಮ್ಮ ಮುಖಕ್ಕೆ ಬೀಸ್ಬೇಕು. ದಿಬ್ಬದ ಮೇಲೆ ನಮ್ಮ ಆಕಾರ ಕಾಣ್ಬಾರ್ದು. ಕಾಲ್ಕೆಳಗೆ ಒಂದು ಕಡ್ಡಿ ಮುರೀಬಾರ್ದು. ನಾನು ಎರಡು ವರ್ಷ ಓಡಾಡಿ ಹಳ್ಳದ ದಾರಿ ಆರಿಸಿದ್ದೆ. ಬೇಲಿ ಕಡೆಯದ್ದು ಬೇಡ್ವೇ ಬೇಡ ಅಂದಿದ್ದೆ. ರಮಾಕಾಂತ್ ಒಪ್ತಿರಲಿಲ್ಲ. ಗಾಳಿಗೆ ಅದೇ ಸರಿ, ಹತ್ತಿರ ಕೂಡ, ಸದ್ದಿನ ಸಮಸ್ಯೆ ಎಂಜಿನಿಯರಿಗೆ ಬಿಡು ಅಂತಿದ್ದ. ನಾನು ಅವನ ಕಾಲೆಳೀತಿದ್ದೆ. ನೀನು ಆನೆ ಥರ ನಡೀತೀಯ, ನಿನಗೆ ಯಾವ ದಾರಿಯಾದ್ರೂ ಅಷ್ಟೇ ಅಂತ."

"ಅವತ್ತು?"

"ಅವತ್ತು ಅವನು ನನ್ನ ಫೋನ್ ಬರೋವರೆಗೂ ಕಾರಲ್ಲೇ ಇರ್ಬೇಕಿತ್ತು. ಮಾತು ಹಾಗಾಗಿತ್ತು. ಮಬ್ಬಲ್ಲಿ ಬೇಲಿ ದಾರಿ ಕಡೆ ಕಂದು ಬಣ್ಣ ಅಲ್ಲಾಡ್ತು. ನಂಗೆ ಸದ್ದೇ ಕೇಳಿಸ್ಲಿಲ್ಲ. ಅದಕ್ಕೇ ಜಿಂಕೆ ಅಂದ್ಕೊಂಡೆ. ಮನುಷ್ಯ ಆದ್ರೆ ಕೇಳಿಸ್ಲೇಬೇಕಲ್ಲ. ವರ್ಷದಿಂದ ಅಲ್ಲೇ ಹೋಗಿ ಕೂತು ಕಿವಿಗೊಟ್ಟು ಕೇಳ್ತಿದೀನಿ. ಆ ದಾರೀಲಿ ಕಾಗೆ ನಡೆದ್ರೂ ಕೇಳಿಸುತ್ತೆ. ಅವನದ್ದು ಯಾಕೆ ಕೇಳಿಸ್ಲಿಲ್ಲ? ಕೇಳಿಸಿತ್ತೇನೋ, ಆದ್ರೂ ಕೈ ತಡೀಲಿಲ್ವೇನೋ. ಈಗೀಗ ನಂಗೇ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ."

ಜಯಮಾಲಾ ಚೀಲದಲ್ಲಿದ್ದ ಪೊರಕೆಯ ಬಗ್ಗೆ ಅವರಿಗೆ ಏನೂ ಹೇಳಲಿಲ್ಲ. ಅದು ಯಾರದೆಂದು ಖಚಿತವಾಗದೆ ಬಾಯಿ ಬಿಡುವಂತಿರಲಿಲ್ಲ. ಆದರೆ ಲಿಫ್ಟಿನಲ್ಲಿ ಇಳಿಯುವಾಗಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾದದ್ದು ಸುಳ್ಳಾಗಲಿ ಎಂದೂ ಅನಿಸಿತ್ತು.

ಕಸ್ತೂರಿಯವರ ಮನೆ ಬ್ಲ್ಯಾಕ್‌ವುಡ್‌ನಲ್ಲಿ. ಅದೇ ದಿನ ಸಂಜೆ ನಾಲ್ಕಕ್ಕೆ ಜಯಮಾಲಾ ಮತ್ತು ಬ್ರೆಟ್ ಅಲ್ಲಿಗೆ ಹೋದಾಗ ಬಾಗಿಲು ತೆಗೆದವಳು ಮಗಳು ನಿಖಿತಾ. ಹನ್ನೆರಡನೇ ತರಗತಿಯ ಹುಡುಗಿ, ಸ್ಕೂಲಿನ ಯೂನಿಫಾರ್ಮಿನಲ್ಲೇ ಇದ್ದಳು.

"ಅಮ್ಮ ಇದಾರಾ ಪುಟ್ಟ?"

"ಯಾ, ಶೀ ಈಸ್ ಇನ್ ದ ಕಿಚನ್. ಈಸ್ ಎವೆರಿಥಿಂಗ್ ಓಕೆ, ಆಂಟಿ?"

ಕಸ್ತೂರಿ ಅವರನ್ನು ಕಂಡು ಬೆಚ್ಚಲಿಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು, ಮಗಳಿಗೆ ಪಕ್ಕದ ಬೀದಿಯ ಶಾರದಾ ಆಂಟಿಯ ಮನೆಗೆ ಹೋಗಿರು ಎಂದರು. ಅವಳು ಹೋದಮೇಲೆ ಕುರ್ಚಿ ಎಳೆದು ಕೂತರು. ಬ್ರೆಟ್ ಎದೆಯ ಮೇಲಿನ ಕ್ಯಾಮೆರಾ ಚಾಲೂ ಮಾಡಿದ. ನೀವು ಏನನ್ನೂ ಹೇಳಬೇಕೆಂದಿಲ್ಲ, ಹೇಳಿದ್ದು ಕೋರ್ಟಿಗೆ ಹೋಗುತ್ತದೆ, ವಕೀಲರನ್ನು ಕರೆಸಿಕೊಳ್ಳಬಹುದು ಎಂದು ಜಯಮಾಲಾ ಎರಡೂ ಭಾಷೆಯಲ್ಲಿ ಹೇಳಿದಳು.

"ಬುಧವಾರ ಎಲ್ಲಿದ್ರಿ, ಡಾಕ್ಟ್ರೇ?"

"ನೀವು ನೋಡ್ಕೊಂಡೇ ಬಂದಿರ್ತೀರಲ್ಲ."

"ಪಟ್ಟಿ ಕತ್ತರಿಸಿದ್ದು?"

"ನಾನೇ. ಕ್ಲಿನಿಕ್ಕಿನ ಸ್ಕಾಲ್ಪೆಲ್."

"ಯಾಕೆ?"

ಕಸ್ತೂರಿ ಮೇಜಿನ ಮೇಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. "ನಮ್ಮವರು ಇರೋವಾಗ ನಮ್ಮನೆ ಹಿತ್ತಲಲ್ಲಿ ಬಾರ್ಬಿ ಇತ್ತು, ಬಾರ್ಬೆಕ್ಯೂ ಊಟ. ಎಲ್ಲರ ಮುಂದೆ ಗಣಪತಿ ಹೇಳಿದ್ರು, ಬೇಲಿ ಕಡೆಯಿಂದ ಇಲಿ ಬಂದ್ರೂ ನಂಗೆ ಕೇಳಿಸುತ್ತೆ ಅಂತ. ಕೋರ್ಟಲ್ಲಿ ಮಾತ್ರ ಏನೂ ಕೇಳಿಸ್ಲಿಲ್ಲ ಅಂದ್ರು. ಸುಮ್ನಿದ್ದೆ. ಈಗ ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರೋ ಅಂದ್ರು, ಗಣಪತಿ ಮತ್ತೆ ಅಟ್ಟಣೆಗೆ ಹೋಗ್ತಿದಾರಂತೆ ಅಂತ. ಮೈಯೆಲ್ಲ ಉರಿದುಹೋಯ್ತು. ನಾನೇ ಹೋಗಿ ಆ ದಾರೀಲಿ ನಡೆದು ನೋಡ್ದೆ. ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದ ಹಾಗೆ. ನಾನು ಐವತ್ತೈದು ಕೇಜಿ ಇಲ್ಲ. ನಮ್ಮವರು ತೊಂಬತ್ತು ದಾಟಿದ್ರು. ಕೇಳಿಸದೇ ಇರೋಕೆ ಹೇಗ್ರೀ ಸಾಧ್ಯ? ಕೇಳಿಸಿದೆ. ಕೇಳಿಸಿಯೂ ಹೊಡೆದಿದಾರೆ. ಯಾಕೋ ಏನೋ. ಗೆಳೆಯರ ಮಧ್ಯೆ ಏನಿತ್ತೋ."

"ಸಾಯ್ಲಿ ಅಂತ ಮಾಡಿದ್ರಾ?"

"ಬೀಳ್ಲಿ ಅಂತ. ಬಿದ್ದಮೇಲೆ ಏನಾಗುತ್ತೆ ಅಂತ ಡಾಕ್ಟರಾಗಿ ಯೋಚಿಸ್ಬೇಕಿತ್ತು. ಯೋಚಿಸ್ಲಿಲ್ಲ."

ತಪ್ಪೊಪ್ಪಿಗೆ ಮುಗಿದಿತ್ತು. ಕೇಸಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಬ್ರೆಟ್ ಬಾಗಿಲ ಕಡೆ ನೋಡಿದ. ಜಯಮಾಲಾಗೂ ಎದ್ದುಬಿಡೋಣ ಎನಿಸಿತು. ಚೀಲ ಕಾರಿನಲ್ಲಿತ್ತು, ಅಲ್ಲಿಯೇ ಬಿಟ್ಟರೆ ಇವತ್ತಿನ ಮಟ್ಟಿಗೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಾಳೆ ಕೋರ್ಟಿನಲ್ಲಿ ಹೊರಗಿನವರ ಬಾಯಲ್ಲಿ, ಮಗಳ ಎದುರಿಗೆ, ಈ ಹೆಂಗಸು ಅದನ್ನು ಕೇಳಬೇಕಾಗುತ್ತದೆ. ಅದಕ್ಕಿಂತ ಇಲ್ಲೇ, ಅವರದೇ ಅಡುಗೆಮನೆಯಲ್ಲಿ ಆಗಲಿ. ಇಂಥ ತೀರ್ಮಾನಗಳಿಗೆ ಯಾವ ಕೈಪಿಡಿಯೂ ಇಲ್ಲ ಎಂದು ಬೈದುಕೊಳ್ಳುತ್ತಲೇ ಅವಳು ಬ್ರೆಟ್‌ನನ್ನು ಕಾರಿಗೆ ಕಳಿಸಿ ಚೀಲ ತರಿಸಿದಳು.

"ಇದು ನಿಮ್ಮದಾ?"

ಕಸ್ತೂರಿ ಚೀಲದ ಮೇಲಿಂದಲೇ ಹಿಡಿಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದರು. "ನಮ್ಮ ಪೊರಕೆ. ಇದು ನಮ್ಮಮ್ಮನ ಸೀರೆ ಅಂಚು, ನಾನೇ ಸುತ್ತಿದ್ದು. ಹೋದ ವರ್ಷ ಕಳೆದೋಯ್ತು. ಮನೆ ಪೊರಕೆ ಹೊರಗೆ ಕೊಡಬಾರ್ದು, ಅದೂ ಶುಕ್ರವಾರ, ಯಾರಿಗೆ ಕೊಟ್ರಿ ಅಂತ ಅವರ ಹತ್ರ ಜಗಳಾನೇ ಆಡಿದ್ದೆ. ಅವರು ನಕ್ಕೊಂಡು, ನಾಳೆ ವಾಪಸ್ ಬರುತ್ತೆ ಬಿಡೇ, ನಾಳೆ ಗಣಪತಿ ಬಾಯಿ ಮುಚ್ಚಿಸ್ತೀನಿ ನೋಡು ಅಂದ್ರು." ಅವರು ತಲೆಯೆತ್ತಿದರು. "ಎಲ್ಲಿ ಸಿಕ್ತು ಇದು?"

"ಬೇಲಿ ಹತ್ರ. ಆ ದಾರಿ ಶುರುವಾಗೋ ಕಡೆ, ಮರದ ಮೇಲೆ. ವರ್ಷದಿಂದ ಅಲ್ಲೇ ಇತ್ತು."

ಕಸ್ತೂರಿಯವರ ತುಟಿಗಳು ಏನನ್ನೋ ಲೆಕ್ಕ ಹಾಕುವವರಂತೆ ಅಲ್ಲಾಡಿದವು. ಆಮೇಲೆ ನಿಂತವು. ಅವರ ಮುಖ ನೋಡಲಾಗದೆ ಜಯಮಾಲಾ ಕಿಟಕಿಯ ಕಡೆ ತಿರುಗಿದಳು.

"ಗುಡಿಸಿದ್ರಾ?" ಎಂದರು ಕಸ್ತೂರಿ. "ಆ ದಾರೀನೆಲ್ಲ?"

"ಹೌದು ಅನ್ಸುತ್ತೆ. ಸದ್ದಾಗದ ಹಾಗೆ ಬಂದು ಗೆಳೆಯನಿಗೆ ತೋರಿಸ್ಬೇಕು ಅಂತ. ನೀವು ನಡೆದಿದ್ದು ಆಮೇಲೆ ಹೊಸದಾಗಿ ಬಿದ್ದ ತೊಗಟೆ ಮೇಲೆ."

"ಮನೇಲಿ ಒಂದಿನ ಪೊರಕೆ ಮುಟ್ಟಿದವರಲ್ಲ ಅವರು," ಎಂದರು ಕಸ್ತೂರಿ. ಹಾಗೆಂದವರೇ ಮೇಜಿಗೆ ಹಣೆ ಹಚ್ಚಿ ಅತ್ತರು. ವರ್ಷವಿಡೀ ಅಳದೆ ಇಟ್ಟುಕೊಂಡಿದ್ದವರ ಅಳು ಅದು. ಬ್ರೆಟ್‌ಗೆ ಭಾಷೆ ತಿಳಿಯದಿದ್ದರೂ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಐದು ಗಂಟೆಗೆ ಬಂಧನ ದಾಖಲಾಯಿತು. ಉದ್ದೇಶಪೂರ್ವಕವಾಗಿ ಗಂಭೀರ ಗಾಯ ಮಾಡಿದ ಆರೋಪ. ಕಾರು ಹತ್ತುವ ಮುನ್ನ ಕಸ್ತೂರಿ ಎರಡು ಮಾತು ಕೇಳಿದರು. ಮಗಳು ಊಟ ಮಾಡಿದಳಾ ಎಂದು ಶಾರದಾಗೆ ಫೋನ್ ಮಾಡಿ ವಿಚಾರಿಸಬೇಕು. ಪೊರಕೆಯ ವಿಷಯ ಗಣಪತಿಗೆ ಇವತ್ತೇ ತಿಳಿಸಬೇಕು.

ಜಯಮಾಲಾ ಎರಡನ್ನೂ ಮಾಡಿದಳು. ಆಸ್ಪತ್ರೆಯಲ್ಲಿ ಗಣಪತಿ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿದರು. ಯಾರು ಕತ್ತರಿಸಿದ್ದೆಂದು ಹೇಳಿದಾಗಲೂ ಕಣ್ಣು ತೆರೆಯಲಿಲ್ಲ.

"ಹಾಗಾದ್ರೆ ನಂಗೆ ನಿಜವಾಗ್ಲೂ ಕೇಳಿಸಿರ್ಲಿಲ್ಲ," ಎಂದರು.

"ಇಲ್ಲ ಡಾಕ್ಟ್ರೇ. ಕೇಳಿಸೋ ಹಾಗಿರ್ಲಿಲ್ಲ."

"ಕಸ್ತೂರಿಗೆ ಗೊತ್ತಾಯ್ತಾ?"

"ಗೊತ್ತಾಯ್ತು."

ಅವರು ತಲೆಯಾಡಿಸಲು ನೋಡಿದರು, ಕುತ್ತಿಗೆಯ ಪಟ್ಟಿ ಬಿಡಲಿಲ್ಲ. ಒಂದು ವರ್ಷ ಇಬ್ಬರೂ ಅದೇ ಒಂದು ಪ್ರಶ್ನೆಯನ್ನು ಹೊತ್ತು ತಿರುಗಿದ್ದರು. ಇಬ್ಬರೂ ಉತ್ತರ ಹುಡುಕಿಕೊಂಡು ಆ ಅಟ್ಟಣೆಯವರೆಗೆ ಹೋಗಿ ಬಂದಿದ್ದರು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಮಾತ್ರ ಇಬ್ಬರೂ ಹೋಗಿರಲಿಲ್ಲ. ಜಯಮಾಲಾ ಠಾಣೆಗೆ ಬಂದು ಪೊರಕೆಗೆ ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಶನಿವಾರ ಬಿಟ್ಟಿದ್ದ ನೀರನ್ನು ಚೆಲ್ಲಿ, ಹೊಸದಾಗಿ ಕಾಫಿಗೆ ಇಟ್ಟಳು.